ಸೇತುವೆ ಎದ್ದಿತು, ಊರು ಏಳಲಿಲ್ಲ

ಭರತಖಂಡದ ಉದ್ದಗಲವನ್ನು ಒಂದೇ ಮಾತಿನಲ್ಲಿ ಹೇಳಬೇಕಾದಾಗ ಕನ್ನಡಿಗರ ನಾಲಗೆಗೆ ಥಟ್ಟನೆ ಬರುವ ನುಡಿ ‘ಆಸೇತು ಹಿಮಾಚಲ’. ಹಿಮಾಚಲ ಯಾವುದೆಂದು ಶಾಲೆಯ ಮಗುವಿಗೂ ಗೊತ್ತು. ಆದರೆ ಆ ಮಾತಿನ ಮೊದಲಲ್ಲಿರುವ ‘ಸೇತು’ ಎಲ್ಲಿದೆ, ಇಂದು ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದರೆ ತಡವರಿಸುವವರೇ ಹೆಚ್ಚು. ರಾಮೇಶ್ವರದ ಗುಡಿಯಲ್ಲಿ ಇಪ್ಪತ್ತೆರಡು ತೀರ್ಥಗಳ ನೀರು ಹೊಯ್ದುಕೊಂಡು, ಸ್ವಾಮಿಯ ದರ್ಶನ ಮಾಡಿ, ಉದ್ದನೆಯ ಕಂಬಸಾಲುಗಳಿಗೆ ಬೆರಗಾಗಿ ಹಿಂದಿರುಗುವ ಯಾತ್ರಿಕರೆಲ್ಲರೂ ಅಲ್ಲಿಂದ ಇನ್ನೊಂದು ಹದಿನೆಂಟು ಇಪ್ಪತ್ತು ಕಿಲೋಮೀಟರು ಮುಂದೆ ಹೋಗಿ, ನೆಲವೇ ಮುಗಿದುಹೋಗುವ ಆ ತಾಣವನ್ನು ಕಂಡವರಲ್ಲ.

ಆ ತಾಣದ ಹೆಸರು ಧನುಷ್ಕೋಟಿ. ಸಂಸ್ಕೃತದಲ್ಲಿ ‘ಕೋಟಿ’ ಎಂದರೆ ಬಿಲ್ಲಿನ ತುದಿ. ತಮಿಳರು ‘ಧನುಷ್ಕೋಡಿ’ ಎನ್ನುತ್ತಾರೆ. ‘ಕೋಡಿ’ ಎಂಬ ಮಾತು ಕನ್ನಡಿಗರಿಗೂ ಹೊಸದಲ್ಲ. ತುಂಬಿದ ಕೆರೆಯ ನೀರು ಹೊರಚೆಲ್ಲುವ ಎಡೆಯನ್ನು ನಮ್ಮ ಹಳ್ಳಿಗರು ಕೋಡಿಯೆಂದೇ ಕರೆಯುವರು. ಕುಂದಾಪುರದ ಕೋಡಿ, ಉಡುಪಿಯ ಕಡೆಯ ಕೋಡಿ ಬೆಂಗ್ರೆ, ಇವೂ ಹೊಳೆ ಕಡಲನ್ನು ಸೇರುವಲ್ಲಿ ಚಾಚಿಕೊಂಡಿರುವ ಮರಳಿನ ನಾಲಗೆಗಳೇ ಆಗಿವೆ. ರಾವಣವಧೆಯ ತರುವಾಯ ವಿಭೀಷಣನ ಪ್ರಾರ್ಥನೆಯಂತೆ ಶ್ರೀರಾಮನು ತನ್ನ ಬಿಲ್ಲಿನ ತುದಿಯಿಂದ ಸೇತುವೆಯನ್ನು ಮುರಿದನೆಂದೂ, ಅದರಿಂದಲೇ ಈ ಸ್ಥಳಕ್ಕೆ ಧನುಷ್ಕೋಟಿಯೆಂಬ ಹೆಸರು ಬಂದಿತೆಂದೂ ಭಕ್ತರ ನಂಬುಗೆ. ಸೇತುವೆ ಮುರಿದ ಆ ಕಥೆಯನ್ನು ಕೇಳದವರಿಲ್ಲ. ಅದೇ ನೆಲದ ಮೇಲೆ 1964ರಲ್ಲಿ ಒಂದು ಊರಿಗೆ ಊರೇ ಒಂದಿರುಳಿನಲ್ಲಿ ಮುರಿದುಬಿದ್ದ ಕಥೆ ಪುರಾಣವಲ್ಲ. ಅದನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಎರಡು ಕಡಲುಗಳ ನಡುವೆ

ರಾಮೇಶ್ವರವೆಂಬುದು ಊರಿನ ಹೆಸರು. ಅದು ನೆಲೆಸಿರುವ ದ್ವೀಪದ ಹೆಸರು ಪಾಂಬನ್. ತಮಿಳುನಾಡಿನ ಮಂಟಪಂ ಎಂಬಲ್ಲಿ ಹೆನ್ನಾಡು ಮುಗಿಯುತ್ತದೆ. ನಡುವೆ ಎರಡು ಕಿಲೋಮೀಟರಿಗೆ ಸ್ವಲ್ಪ ಮಿಕ್ಕ ಕಡಲು, ಆಚೆಗೆ ದ್ವೀಪ. ದ್ವೀಪದ ಪಶ್ಚಿಮ ಭಾಗ ಅಗಲವಾಗಿದ್ದು, ಆಗ್ನೇಯದ ಕಡೆಗೆ ಹೋದಂತೆಲ್ಲ ಸಪೂರವಾಗುತ್ತ ಕೊನೆಗೆ ಬೆರಳಿನಂತೆ ಲಂಕೆಯತ್ತ ಚಾಚಿಕೊಂಡಿದೆ. ಆ ಬೆರಳೇ ಧನುಷ್ಕೋಟಿ. ಅದರ ತುತ್ತತುದಿಯಿಂದ ಲಂಕೆಯ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರು ದೂರ. ಈ ಎರಡು ತುದಿಗಳ ನಡುವೆ ಸರಮಾಲೆಯಂತೆ ಹಬ್ಬಿರುವ ಮರಳದಿಬ್ಬಗಳನ್ನೇ ಜನ ರಾಮಸೇತುವೆಂದು ಕರೆಯುತ್ತಾರೆ. ಅಲ್ಲಿ ಕಡಲಿನ ಆಳ ಹಲವೆಡೆ ಆಳೆತ್ತರವೂ ಇಲ್ಲದ್ದರಿಂದ ದೊಡ್ಡ ಹಡಗುಗಳು ಆ ದಾರಿಯಲ್ಲಿ ಸಾಗಲಾರವು.

ರಾಮೇಶ್ವರದಿಂದ ಹೊರಟ ರಸ್ತೆ ಸ್ವಲ್ಪ ದೂರದವರೆಗೆ ತಾಳೆಮರಗಳ ಮತ್ತು ಸರ್ವೆತೋಪುಗಳ ನಡುವೆ ಸಾಗುತ್ತದೆ. ಹಾದಿಯಲ್ಲಿ ಕೋದಂಡರಾಮಸ್ವಾಮಿಯ ಗುಡಿ ಸಿಗುತ್ತದೆ. ವಿಭೀಷಣನು ಶ್ರೀರಾಮನಿಗೆ ಶರಣಾದ ಸ್ಥಳ ಇದೆಂದು ಪ್ರತೀತಿ. ಸುತ್ತಮುತ್ತಲಿನದೆಲ್ಲವನ್ನೂ ಕೊಚ್ಚಿಕೊಂಡು ಹೋದ 1964ರ ಕಡಲು ಈ ಒಂದು ಗುಡಿಯನ್ನು ಉಳಿಸಿಹೋಯಿತು. ಅಲ್ಲಿಂದ ಮುಂದೆ ಮರಗಳು ವಿರಳವಾಗುತ್ತವೆ. ಕ್ರಮೇಣ ಬಿಳಿಯ ಮರಳು, ನೀಲಿಯ ನೀರು, ಬಿಸಿಲು, ಇವಿಷ್ಟೇ ಉಳಿಯುತ್ತವೆ. ರಸ್ತೆಯ ಎಡಕ್ಕೊಂದು ಕಡಲು, ಬಲಕ್ಕೊಂದು ಕಡಲು. ಎಡಗಡೆಯದು ಪಾಕ್ ಕೊಲ್ಲಿ. ಅದು ಬಂಗಾಳ ಉಪಸಾಗರದ ಅಂಗ. ಬಲಗಡೆಯದು ಹಿಂದೂ ಮಹಾಸಾಗರಕ್ಕೆ ಸೇರಿದ ಮನ್ನಾರ್ ಖಾರಿ. ಒಂದು ಕೆರೆಯಂತೆ ಮಿಸುಕಾಡದೆ ಮಲಗಿದ್ದರೆ ಇನ್ನೊಂದು ತೆರೆಗಳನ್ನೆಬ್ಬಿಸಿ ಅಬ್ಬರಿಸುತ್ತಿರುತ್ತದೆ. ಅಲ್ಲಿನ ಬೆಸ್ತರು ಸೌಮ್ಯವಾದ ಪಾಕ್ ಕೊಲ್ಲಿಯನ್ನು ‘ಪೆಣ್ ಕಡಲ್’, ಎಂದರೆ ಹೆಣ್ಣು ಕಡಲೆಂದೂ, ಮೊರೆಯುವ ಮನ್ನಾರ್ ಖಾರಿಯನ್ನು ‘ಆಣ್ ಕಡಲ್’, ಎಂದರೆ ಗಂಡು ಕಡಲೆಂದೂ ಕರೆಯುತ್ತಾರೆ. ಆದರೆ ಈ ಸ್ವಭಾವ ವರ್ಷವಿಡೀ ಹೀಗೆಯೇ ಇರುವುದಿಲ್ಲವೆಂಬುದನ್ನೂ ಅವರು ಬಲ್ಲರು. ಈಶಾನ್ಯದ ಮಾರುತ ಬೀಸತೊಡಗಿದೊಡನೆ ಹೆಣ್ಣು ಕಡಲು ಉಗ್ರವಾಗುತ್ತದೆ. ಊರನ್ನು ನುಂಗಿದ ಬಿರುಗಾಳಿ ಬಂದದ್ದೂ ಆ ಕಾಲದಲ್ಲಿಯೇ.

ರಸ್ತೆ ಮುಗಿಯುವ ಜಾಗವನ್ನು ‘ಅರಿಚ್ಚಲ್ ಮುನೈ’ ಎನ್ನುತ್ತಾರೆ. ತಮಿಳಿನ ‘ಮುನೈ’ ಕನ್ನಡದ ‘ಮೊನೆ’ಗೆ ಸೋದರ. ಕಡಲು ಕೊರೆಯುವ ಮೊನೆ ಎಂಬುದು ಆ ಹೆಸರಿನ ಭಾವ. ಅದು ಅನ್ವರ್ಥವಾದ ಹೆಸರು. ಎರಡು ಕಡಲುಗಳ ತೆರೆಗಳು ಎದುರುಬದುರಾಗಿ ಬಂದು ಕೂಡುವ ಆ ಮೊನೆಯ ಆಕಾರ ಋತುವಿನಿಂದ ಋತುವಿಗೆ ಬದಲಾಗುತ್ತಿರುತ್ತದೆ. ಈ ವರ್ಷ ಮರಳಿದ್ದಲ್ಲಿ ಮುಂದಿನ ವರ್ಷ ನೀರು, ನೀರಿದ್ದಲ್ಲಿ ಮರಳು. 2017ಕ್ಕೆ ಮೊದಲು ಇಲ್ಲಿಯವರೆಗೆ ಡಾಂಬರಿನ ರಸ್ತೆ ಇರಲಿಲ್ಲ. ಯಾತ್ರಿಕರು ಬಾಡಿಗೆಯ ಜೀಪು ವ್ಯಾನುಗಳಲ್ಲಿ ಕುಲುಕಾಡುತ್ತ, ಚಕ್ರ ಮುಳುಗುವ ಮರಳನ್ನೂ ಮೊಣಕಾಲುದ್ದದ ನೀರನ್ನೂ ದಾಟಿ ಬರಬೇಕಾಗಿತ್ತು. ಇಂದು ರಾಮೇಶ್ವರದಲ್ಲಿ ಬಸ್ಸು ಹತ್ತಿದವರು ಒಂದು ಗಂಟೆಯೊಳಗೆ ಈ ತೀರದಲ್ಲಿರುತ್ತಾರೆ.

ಗೋಡೆಗಳು ಹೇಳುವ ಮಾತು

ಮೊನೆಗೆ ಕೆಲವು ಕಿಲೋಮೀಟರು ಮುಂಚೆಯೇ ರಸ್ತೆಯ ಬದಿಯಲ್ಲಿ ಹಾಳು ಗೋಡೆಗಳು ಕಾಣತೊಡಗುತ್ತವೆ. ಮಾವು, ಮಂಟಪ, ಕೋಟೆಗಳ ಹಂಪೆಯನ್ನು ಕಂಡವರಿಗೆ ಇವು ಮೊದಲ ನೋಟಕ್ಕೆ ಅಲ್ಪವೆನಿಸಬಹುದು. ಇಲ್ಲಿ ಯಾವ ಅರಸನ ಸಿಂಹಾಸನವೂ ಇರಲಿಲ್ಲ, ಯಾವ ಸೇನೆಯೂ ಕಾದಲಿಲ್ಲ. ಮಾಡು ಕಳೆದುಕೊಂಡು ನಿಂತಿರುವ ಚರ್ಚಿನ ಗೋಡೆಗಳು, ಬರಿಯ ಕಮಾನುಗಳಷ್ಟೇ ಉಳಿದಿರುವ ರೈಲುನಿಲ್ದಾಣ, ಎಂಜಿನುಗಳಿಗೆ ನೀರು ತುಂಬುತ್ತಿದ್ದ ತೊಟ್ಟಿಯ ಕಂಬಗಳು, ಅಂಚೆಕಚೇರಿಯ ಒಂದು ಪಕ್ಕ, ಶಾಲೆಯ ಅವಶೇಷ, ಅಲ್ಲೊಂದು ಇಲ್ಲೊಂದು ಮನೆಯ ಅಡಿಪಾಯ: ನೋಡಲು ಇರುವುದು ಇಷ್ಟೇ.

ಗೋಡೆಗಳ ಬಳಿಸಾರಿ ನೋಡಿದರೆ ಮಾತ್ರ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಚರ್ಚಿನ ಗೋಡೆಯ ಕಲ್ಲುಗಳಲ್ಲಿ ಜೇನುಹುಟ್ಟಿನಂಥ ಸಣ್ಣ ರಂಧ್ರಗಳಿವೆ. ಅವು ಗುಡ್ಡದಿಂದ ಕಡಿದು ತಂದ ಕಲ್ಲುಗಳಲ್ಲ. ಕಡಲಿನ ಹವಳದ ಬಂಡೆಗಳು. ಸುಣ್ಣದ ಗಾರೆಯಲ್ಲಿ ಅವನ್ನು ಕೂಡಿಸಿ ಕಟ್ಟಿದ್ದಾರೆ. ಬಂಡೆಯಿಲ್ಲದ ಮರಳದ್ವೀಪದಲ್ಲಿ ಜನರು ಕಡಲಿನಿಂದಲೇ ಕಲ್ಲನ್ನು ಪಡೆದು ಮನೆಗಳನ್ನೂ ದೇವಮಂದಿರಗಳನ್ನೂ ಕಟ್ಟಿಕೊಂಡರು. ಕೊಟ್ಟ ಕಡಲೇ ಒಂದು ರಾತ್ರಿ ಬಂದು ತನ್ನದನ್ನು ಹಿಂದಕ್ಕೆ ಕೇಳಿತು.

ಎರಡು ದೇಶಗಳ ಹೊಸ್ತಿಲು

ಈ ಊರು ಮೂಲತಃ ಬೆಸ್ತರ ನೆಲೆ, ಯಾತ್ರಿಕರ ಸ್ನಾನಘಟ್ಟ. ಕಾಶಿಗೆ ಹೊರಡುವ ಯಾತ್ರಿಕನು ಮೊದಲು ಸೇತುವಿನಲ್ಲಿ ಮಿಂದು ಇಲ್ಲಿಯ ಮರಳನ್ನು ಕಟ್ಟಿಕೊಂಡು ಹೋಗಿ ಗಂಗೆಯಲ್ಲಿ ಬಿಡುವುದೂ, ಅಲ್ಲಿಂದ ಗಂಗೋದಕವನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸುವುದೂ ಹಿಂದಿನಿಂದ ಬಂದ ಪದ್ಧತಿ. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ‘ಕಾಶಿ ರಾಮೇಶ್ವರ’ ಎಂಬುದು ಒಂದೇ ಪದವಾಗಿ ಕೇಳಿಬರುವುದಕ್ಕೆ ಈ ಪದ್ಧತಿಯೇ ಕಾರಣ.

ಊರಿಗೆ ಹೊಸ ಭಾಗ್ಯ ಬಂದದ್ದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. 1914ರ ಫೆಬ್ರವರಿ 24ರಂದು ಪಾಂಬನ್ ಜಲಸಂಧಿಯ ಮೇಲೆ ರೈಲು ಸೇತುವೆ ತೆರೆಯಿತು. ಭಾರತದಲ್ಲಿ ಕಡಲಿನ ಮೇಲೆ ಕಟ್ಟಿದ ಮೊಟ್ಟಮೊದಲನೆಯ ಸೇತುವೆ ಅದೇ. ಅದರ ಮಧ್ಯದಲ್ಲಿ ಹಡಗುಗಳು ಬಂದಾಗ ಇಬ್ಭಾಗವಾಗಿ ಮೇಲಕ್ಕೇಳುವ ಒಂದು ಕಣ್ಣಿತ್ತು. ಆಳುಗಳು ಸನ್ನೆಕೋಲುಗಳನ್ನು ತಿರುಗಿಸಿ ಅದನ್ನು ಏಳಿಸುತ್ತಿದ್ದರು. ಪಾಂಬನ್ ನಿಲ್ದಾಣದಿಂದ ಒಂದು ಕವಲು ಹಳಿ ರಾಮೇಶ್ವರಕ್ಕೂ ಇನ್ನೊಂದು ಕವಲು ಧನುಷ್ಕೋಟಿಗೂ ಹೋಗುತ್ತಿತ್ತು. ಮದರಾಸಿನ ಎಗ್ಮೋರಿನಲ್ಲಿ ‘ಬೋಟ್ ಮೇಲ್’ ಎಂಬ ಗಾಡಿ ಹತ್ತಿದ ಪ್ರಯಾಣಿಕನು ಧನುಷ್ಕೋಟಿಯ ಕಟ್ಟೆಯಲ್ಲಿ ಇಳಿದು, ಎದುರಿಗೇ ನಿಂತ ಉಗಿಹಡಗನ್ನೇರಿ, ಕೆಲವು ಗಂಟೆಗಳೊಳಗೆ ತಲೈಮನ್ನಾರನ್ನು ಸೇರಿ, ಅಲ್ಲಿ ಸಿದ್ಧವಾಗಿರುತ್ತಿದ್ದ ಇನ್ನೊಂದು ರೈಲಿನಲ್ಲಿ ಕೊಲಂಬೊ ತಲಪಬಹುದಾಗಿತ್ತು. ರೈಲು, ಹಡಗು, ಮತ್ತೆ ರೈಲು. ಮೂರಕ್ಕೂ ಒಂದೇ ಟಿಕೇಟು.

ಹೀಗೆ ಧನುಷ್ಕೋಟಿ ಎರಡು ದೇಶಗಳ ನಡುವಣ ಹೊಸ್ತಿಲಾಯಿತು. ನಿಲ್ದಾಣ ಬಂದಿತು, ಬೆನ್ನಲ್ಲೇ ಸುಂಕದ ಕಚೇರಿ, ಬಂದರಿನ ಕಚೇರಿ, ಅಂಚೆ ಮತ್ತು ತಂತಿ, ಆಸ್ಪತ್ರೆ, ಶಾಲೆ, ರೈಲು ನೌಕರರ ವಸತಿಗಳು, ಯಾತ್ರಿಕರ ಛತ್ರಗಳು ಬಂದವು. ಲಂಕೆಯ ಚಹಾ ತೋಟಗಳಿಗೆ ಕೂಲಿಗಾಗಿ ಹೊರಟ ತಮಿಳುನಾಡಿನ ಬಡಜನರು ಮಂಟಪಂ ಶಿಬಿರದಲ್ಲಿ ರೋಗಪರೀಕ್ಷೆ ಮುಗಿಸಿಕೊಂಡು ಈ ಕಟ್ಟೆಯಿಂದಲೇ ಕಡಲು ದಾಟಿದರು. ಒಣಮೀನು ಹೋಯಿತು, ಬಟ್ಟೆ ಹೋಯಿತು, ಪತ್ರಗಳ ಚೀಲಗಳು ಹೋದವು, ಬಂದವು.

ಈ ಊರಿನ ಬಾಳು ಸುತ್ತಲಿನವರ ಬಾಳಿನಲ್ಲಿ ಹೇಗೆ ಹೆಣೆದುಕೊಂಡಿತ್ತೆಂಬುದಕ್ಕೆ ರಾಮೇಶ್ವರದ ಒಂದು ಮನೆಯೇ ಸಾಕ್ಷಿ. 1931ರಲ್ಲಿ ಅಲ್ಲಿ ಹುಟ್ಟಿ ಮುಂದೆ ರಾಷ್ಟ್ರಪತಿಯಾದ ಎ. ಪಿ. ಜೆ. ಅಬ್ದುಲ್ ಕಲಾಂ ಅವರ ತಂದೆ, ಧನುಷ್ಕೋಟಿಗೆ ಹೋಗುವ ಯಾತ್ರಿಕರಿಗಾಗಿ ಮರದ ದೋಣಿಯೊಂದನ್ನು ಕಟ್ಟಿದ್ದರು. ಮುಸಲ್ಮಾನರೊಬ್ಬರು ಕಟ್ಟಿದ ದೋಣಿಯಲ್ಲಿ ಹಿಂದೂ ಯಾತ್ರಿಕರು ಸೇತುಸ್ನಾನಕ್ಕೆ ಹೋಗಿ ಬರುತ್ತಿದ್ದರು. ಒಂದು ಬಿರುಗಾಳಿ ಆ ದೋಣಿಯನ್ನೂ ನುಂಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲು ರಾಮೇಶ್ವರದಲ್ಲಿ ನಿಲ್ಲುವುದು ತಪ್ಪಿದಾಗ, ಧನುಷ್ಕೋಟಿಯ ದಾರಿಯಲ್ಲಿ ಓಡುವ ಗಾಡಿಯಿಂದ ಎಸೆಯುತ್ತಿದ್ದ ವೃತ್ತಪತ್ರಿಕೆಗಳ ಕಟ್ಟುಗಳನ್ನು ಹಿಡಿಯುವುದಕ್ಕೆ ಬಾಲಕ ಕಲಾಂ ಅಣ್ಣನೊಬ್ಬನಿಗೆ ನೆರವಾಗುತ್ತಿದ್ದರು. ತಮ್ಮ ಮೊದಲ ಸಂಪಾದನೆ ಅದೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಡಿಸೆಂಬರ್ 22ರ ಇರುಳು

1964ರ ಡಿಸೆಂಬರ್ 17ರಂದು ದಕ್ಷಿಣ ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿಯಿತು. ಎರಡು ದಿನಗಳಲ್ಲಿ ಅದು ಪ್ರಚಂಡ ಚಂಡಮಾರುತವಾಗಿ ಬೆಳೆದು ಪಶ್ಚಿಮಕ್ಕೆ ಸರಿಯಿತು. 22ರಂದು ಲಂಕೆಯ ಉತ್ತರ ಭಾಗವನ್ನು ತುಳಿದು, ಆ ರಾತ್ರಿ ಪಾಕ್ ಕೊಲ್ಲಿಯನ್ನು ದಾಟಿತು. ಆಳವಾದ ಕಡಲಿನಲ್ಲಿ ಬಿರುಗಾಳಿ ನೂಕಿದ ನೀರು ಅಡಿಯಿಂದ ಹಿಂದಕ್ಕೆ ಹರಿದು ಹೋಗುವುದಕ್ಕೆ ಅವಕಾಶವಿರುತ್ತದೆ. ಆದರೆ ಪಾಕ್ ಕೊಲ್ಲಿ ಆಳವಿಲ್ಲದ ಕಡಲು. ಅಲ್ಲಿ ಗಾಳಿ ತಳ್ಳಿದ ನೀರು ಹಿಂದಿರುಗಲು ದಾರಿಯಿಲ್ಲದೆ ಒಂದರ ಮೇಲೊಂದು ಒಟ್ಟಿಕೊಂಡು ಗೋಡೆಯಾಗಿ ನಿಲ್ಲುತ್ತದೆ. ಆ ಗೋಡೆಯ ಎದುರಿಗೆ ಇದ್ದದ್ದು ಕಡಲಿಗಿಂತ ಕೆಲವೇ ಅಡಿ ಎತ್ತರವಾದ, ಸಪೂರವಾದ ಒಂದು ಮರಳ ಪಟ್ಟಿ. ಏಳು ಮೀಟರಿನಷ್ಟು, ಎಂದರೆ ಎರಡಂತಸ್ತಿನ ಮನೆಯಷ್ಟು ಎತ್ತರದ ತೆರೆಗಳು ಎದ್ದುವೆಂದು ಅಂದಾಜು ಮಾಡಿದ್ದಾರೆ.

ಆ ರಾತ್ರಿ 11 ಗಂಟೆ 55 ನಿಮಿಷಕ್ಕೆ 653ನೆಯ ಸಂಖ್ಯೆಯ ಪ್ಯಾಸೆಂಜರ್ ಗಾಡಿ ಆರು ಡಬ್ಬಿಗಳೊಡನೆ ಪಾಂಬನ್ ನಿಲ್ದಾಣವನ್ನು ಬಿಟ್ಟು ಧನುಷ್ಕೋಟಿಗೆ ಹೊರಟಿತು. ಅದರಲ್ಲಿ 110 ಮಂದಿ ಪ್ರಯಾಣಿಕರೂ ಐವರು ರೈಲು ಸಿಬ್ಬಂದಿಯೂ ಇದ್ದರೆಂದು ಲೆಕ್ಕ. ಮಳೆ ಗಾಳಿ ಆ ಋತುವಿನಲ್ಲಿ ಅಲ್ಲಿಯವರಿಗೆ ಹೊಸದೇನೂ ಆಗಿರಲಿಲ್ಲ. ಊರು ಇನ್ನು ಕೆಲವು ನೂರು ಗಜಗಳಿರುವಾಗ ಸಿಗ್ನಲ್ ದೀಪ ಕಾಣಿಸಲಿಲ್ಲ. ಗಾಡಿ ಕೆಲಹೊತ್ತು ಕತ್ತಲಲ್ಲಿ ನಿಂತಿತೆಂದೂ, ಸಿಗ್ನಲ್ ಬಾರದಿರಲು ಚಾಲಕನು ದೀರ್ಘವಾಗಿ ಸೀಟಿ ಊದಿ ಗಾಡಿಯನ್ನು ಮುಂದೆ ಬಿಟ್ಟನೆಂದೂ ಹೇಳುತ್ತಾರೆ. ಮರುಕ್ಷಣದಲ್ಲಿ ಕಡಲು ಗಾಡಿಯ ಮೇಲೆ ಬಿತ್ತು. ಆರು ಡಬ್ಬಿಗಳಲ್ಲಿದ್ದವರೊಬ್ಬರೂ ಉಳಿಯಲಿಲ್ಲ.

ಊರೂ ಉಳಿಯಲಿಲ್ಲ. ಮಲಗಿದ್ದವರು ಮಲಗಿದ್ದಂತೆಯೇ ನೀರಿನ ಪಾಲಾದರು. ಮರಳದಿಬ್ಬಗಳನ್ನೇರಿದವರು ಕೆಲವರು ಬದುಕಿಕೊಂಡರು. ತಂತಿಕಂಬಗಳು ಬಿದ್ದುಹೋದ್ದರಿಂದ ಇಷ್ಟು ದೊಡ್ಡ ಅನಾಹುತದ ಸುದ್ದಿ ಹೊರಗಿನವರಿಗೆ ಕೂಡಲೇ ತಿಳಿಯಲಿಲ್ಲ. ರೈಲು ಎಲ್ಲಿ ಹೋಯಿತೆಂಬುದೇ ಮೇಲಧಿಕಾರಿಗಳಿಗೆ ಗೊತ್ತಾಗದೆ ಬಹಳ ಹೊತ್ತು ಕಳೆಯಿತು. ರಾಮೇಶ್ವರದಲ್ಲಿ ನೂರಾರು ಜನ ರಾಮನಾಥನ ಗುಡಿಯೊಳಗೆ ಆಶ್ರಯ ಪಡೆದು ಉಳಿದುಕೊಂಡರು. ಈ ಚಂಡಮಾರುತಕ್ಕೆ ಒಟ್ಟು ಸುಮಾರು 1,800 ಮಂದಿ ಬಲಿಯಾದರೆಂದು ಅಂದಾಜಿದೆ. ಒಂದು ಸಣ್ಣ ದ್ವೀಪದ ಪಾಲಿಗೆ ಆ ಸಂಖ್ಯೆಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಹಲವು ಮನೆಗಳಲ್ಲಿ ಉತ್ತರಕ್ರಿಯೆ ಮಾಡುವುದಕ್ಕೂ ಯಾರೂ ಉಳಿದಿರಲಿಲ್ಲ.

ನಲವತ್ತಾರು ದಿನಗಳು

ಅದೇ ರಾತ್ರಿ ಪಾಂಬನ್ ಸೇತುವೆಯೂ ಮುರಿಯಿತು. ಅದರ 145 ಕಣ್ಣುಗಳಲ್ಲಿ ನೂರಕ್ಕೂ ಹೆಚ್ಚಿನವುಗಳ ತೊಲೆಗಳು ಕಡಲಿಗೆ ಬಿದ್ದುವು. ಮಧ್ಯದ ಏಳುಗಣ್ಣು ಮಾತ್ರ ಕದಲದೆ ನಿಂತಿತು. ಸೇತುವೆಯಿಲ್ಲದೆ ದ್ವೀಪಕ್ಕೆ ಅನ್ನವಿಲ್ಲ, ಯಾತ್ರಿಕರಿಲ್ಲ. ದುರಸ್ತಿಗೆ ರೈಲ್ವೆ ಇಲಾಖೆ ಆರು ತಿಂಗಳ ಗಡುವನ್ನಿಟ್ಟಿತು. ಅದನ್ನು ಮೂರು ತಿಂಗಳಿಗೆ ಇಳಿಸಿ ಕೆಲಸವನ್ನು ಮೂವತ್ತೆರಡು ವರ್ಷದ ಎಂಜಿನಿಯರೊಬ್ಬರಿಗೆ ವಹಿಸಲಾಯಿತು. ಹೊಸ ತೊಲೆಗಳಿಗಾಗಿ ಕಾದು ಕುಳಿತುಕೊಳ್ಳದೆ ಅವರು ಕಡಲಿನ ತಳದಲ್ಲಿ ಬಿದ್ದಿದ್ದ ಹಳೆಯ ತೊಲೆಗಳನ್ನೇ ಹುಡುಕಿ ಮೇಲೆತ್ತಿಸಿ ಮತ್ತೆ ಕೂಡಿಸಿದರು. 46 ದಿನಗಳಲ್ಲಿ ಸೇತುವೆ ಮತ್ತೆ ರೈಲಿಗೆ ಹಾದಿಯಾಯಿತು. ಆ ತರುಣ ಎಂಜಿನಿಯರೇ ಇ. ಶ್ರೀಧರನ್. ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿ, ಕಾರವಾರ, ಉಡುಪಿಯ ಜನರಿಗೆ ರೈಲು ತೋರಿಸಿದವರೂ ಅವರೇ.

ಸೇತುವೆಗೆ 46 ದಿನ ಸಾಕಾಯಿತು. ಊರಿಗೆ ಅರುವತ್ತು ವರ್ಷಗಳೂ ಸಾಕಾಗಲಿಲ್ಲ. ಧನುಷ್ಕೋಟಿ ಜನವಸತಿಗೆ ಯೋಗ್ಯವಲ್ಲವೆಂದು ಅಂದಿನ ಮದರಾಸು ಸರಕಾರ ಸಾರಿತು. ಪಾಂಬನ್ನಿನಿಂದ ಇತ್ತ ಬರುತ್ತಿದ್ದ ಹಳಿಯನ್ನು ಮತ್ತೆ ಹಾಸಲಿಲ್ಲ. ಲಂಕೆಯ ಹಡಗು ರಾಮೇಶ್ವರದಿಂದ ಹೊರಡತೊಡಗಿತು.

ಈ ತೀರ್ಮಾನವನ್ನು ತಪ್ಪೆನ್ನುವಂತಿಲ್ಲ. ಎರಡು ಕಡಲುಗಳ ನಡುವಣ ಬೆರಳಿನಂಥ ಮರಳ ಪಟ್ಟಿಯ ಮೇಲೆ ಮತ್ತೊಂದು ಪೇಟೆಯನ್ನು ಕಟ್ಟುವುದೆಂದರೆ ಇನ್ನೊಂದು ಡಿಸೆಂಬರಿಗೆ ಜನರನ್ನು ಒಡ್ಡಿದಂತೆಯೇ ಸರಿ. ಆದರೆ ಇದರಲ್ಲಿ ಒಂದು ಕಠೋರ ಸತ್ಯ ಅಡಗಿದೆ. ಸೇತುವೆಯಿಂದ ನಾಡಿಗೆಲ್ಲ ಪ್ರಯೋಜನವಿತ್ತು. ಆದುದರಿಂದ ಅದು ಎದ್ದಿತು. ಧನುಷ್ಕೋಟಿಯಿಂದ ನಾಡಿಗೆ ಬೇಕಾಗಿದ್ದದ್ದು ಹಡಗುಕಟ್ಟೆ ಮಾತ್ರ. ಅದಕ್ಕೆ ಬೇರೆ ಸ್ಥಳ ಸಿಕ್ಕಿತು. ಊರು ಬೇಕಾಗಿದ್ದದ್ದು ಅಲ್ಲಿದ್ದವರಿಗೆ, ಅವರೋ ಹೋಗಿಬಿಟ್ಟಿದ್ದರು.

ವಿಧಿಯ ವೈಚಿತ್ರ್ಯ ಇನ್ನೊಂದಿದೆ. ಆ ದುರಂತಕ್ಕೆ ಎರಡು ತಿಂಗಳು ಮುಂಚೆ, 1964ರ ಅಕ್ಟೋಬರ್ 30ರಂದು, ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆಯವರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಅದರ ಪ್ರಕಾರ ಲಂಕೆಯ ತೋಟಗಳಲ್ಲಿದ್ದ ಭಾರತೀಯ ಮೂಲದವರಲ್ಲಿ 5,25,000 ಮಂದಿಯನ್ನು ಭಾರತ ತನ್ನ ಪ್ರಜೆಗಳನ್ನಾಗಿ ಸ್ವೀಕರಿಸಬೇಕಾಗಿತ್ತು. ಅವರ ಅಜ್ಜ ಅಜ್ಜಿಯರು ಧನುಷ್ಕೋಟಿಯ ಕಟ್ಟೆಯಿಂದ ಹಡಗು ಹತ್ತಿ ಹೋದವರು. ಮೊಮ್ಮಕ್ಕಳು ಮರಳಿ ಬರುವ ಹೊತ್ತಿಗೆ ಆ ಕಟ್ಟೆಯೇ ಇರಲಿಲ್ಲ. ಅವರು ರಾಮೇಶ್ವರದಲ್ಲಿ ಇಳಿದರು. ಲಂಕೆಯ ಒಳಯುದ್ಧದಿಂದಾಗಿ 1980ರ ದಶಕದಲ್ಲಿ ಆ ಹಡಗಿನ ಸಂಚಾರವೂ ನಿಂತುಹೋಯಿತು.

ಹಳೆಯ ಸೇತುವೆಯ ಆಯುಸ್ಸೂ ಈಗ ಮುಗಿದಿದೆ. 1988ರಲ್ಲಿ ಅದರ ಪಕ್ಕದಲ್ಲಿ ರಸ್ತೆಯ ಸೇತುವೆ ತೆರೆಯಿತು. 2022ರ ಡಿಸೆಂಬರಿನಲ್ಲಿ ಹಳೆಯ ರೈಲು ಸೇತುವೆಯ ಮೇಲೆ ಸಂಚಾರ ನಿಂತಿತು. 2025ರ ಏಪ್ರಿಲ್ 6ರಂದು ಹೊಸ ರೈಲು ಸೇತುವೆ ಉದ್ಘಾಟನೆಯಾಯಿತು. ಅದರ 72 ಮೀಟರಿಗೂ ಉದ್ದವಾದ ನಡುಗಣ್ಣು ವಿದ್ಯುಚ್ಛಕ್ತಿಯಿಂದ ನೆಟ್ಟಗೆ 17 ಮೀಟರು ಮೇಲಕ್ಕೇಳಿ ಹಡಗುಗಳಿಗೆ ದಾರಿ ಬಿಡುತ್ತದೆ. ರಾಮೇಶ್ವರದಿಂದ ಧನುಷ್ಕೋಟಿಗೆ ಮತ್ತೆ ಹಳಿ ಹಾಸುವ ಕೆಲಸಕ್ಕೆ 2019ರಲ್ಲಿ ಶಂಕುಸ್ಥಾಪನೆಯೂ ಆಗಿತ್ತು. ಹಳಿಗಳು ಮಾತ್ರ ಬರಲಿಲ್ಲ.

ಮರಳಿ ಬಂದವರು

ಊರು ಏಳಲಿಲ್ಲವೆಂದರೂ ಜನ ಬರಲೇ ಇಲ್ಲವೆಂದಲ್ಲ. ಕಡಲು ಯಾರ ಅನ್ನವೋ ಅವರು ಕಡಲಿನಿಂದ ಎಷ್ಟು ಕಾಲ ದೂರವಿದ್ದಾರು? ಬೆಸ್ತರ ಕುಟುಂಬಗಳು ಒಂದೊಂದಾಗಿ ಹಿಂದಿರುಗಿ ಹಾಳುಗೋಡೆಗಳ ಆಸುಪಾಸಿನಲ್ಲಿ ತಾಳೆಗರಿಯ ಗುಡಿಸಿಲುಗಳನ್ನು ಹಾಕಿಕೊಂಡವು. ಬಹುಕಾಲ ಅವರಿಗೆ ವಿದ್ಯುದ್ದೀಪವಿಲ್ಲ, ರಸ್ತೆಯಿಲ್ಲ. ಹಿಡಿದ ಮೀನನ್ನು ಮಾರುವುದಕ್ಕೂ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಮರಳಿನ ಹಾದಿಯೇ ಗತಿಯಾಗಿತ್ತು.

ಸುತ್ತಲೂ ಉಪ್ಪುನೀರಿರುವ ಆ ಮರಳಿನಲ್ಲಿ ಅವರು ಕುಡಿಯುವುದೇನನ್ನು ಎಂದು ಹೊಸಬರು ಅಚ್ಚರಿಪಡುವುದುಂಟು. ಗುಡಿಸಿಲಿನ ಹೆಂಗಸರು ಮರಳಿನಲ್ಲಿ ಕೈಯಿಂದಲೇ ಸಣ್ಣ ಗುಂಡಿ ತೋಡುತ್ತಾರೆ. ಕೆಲವು ಅಡಿಗಳ ಆಳದಲ್ಲಿ ನೀರು ಜಿನುಗುತ್ತದೆ. ಅದು ಸಿಹಿನೀರು! ಇದರಲ್ಲಿ ಪವಾಡವೇನೂ ಇಲ್ಲ. ಮರಳಿನೊಳಗೆ ಇಂಗಿದ ಮಳೆಯ ನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲುತ್ತ ನಿಂತಿರುತ್ತದೆ. ಆಸೆಪಟ್ಟು ಆಳಕ್ಕೆ ತೋಡಿದರೆ ಸಿಗುವುದು ಉಪ್ಪುನೀರೇ. ಆದುದರಿಂದ ಅಲ್ಲಿನವರು ಬೇಕಾದಷ್ಟನ್ನು ಮಾತ್ರ ಚಿಪ್ಪಿನಲ್ಲಿಯೋ ಲೋಟದಲ್ಲಿಯೋ ಮೊಗೆದುಕೊಂಡು, ಮತ್ತೆ ಜಿನುಗುವವರೆಗೆ ಕಾಯುತ್ತಾರೆ. ಕಡಲಿನ ಅಂಚಿನಲ್ಲಿ ಬಾಳಬೇಕಾದ ರೀತಿಯೇ ಅದು.

ಇಂದು ಅಲ್ಲಿ ಮಕ್ಕಳಿಗೊಂದು ಶಾಲೆಯಿದೆ. ರಸ್ತೆ ಬಂದ ಮೇಲೆ ಪ್ರವಾಸಿಗರಿಂದಲೂ ನಾಲ್ಕು ಕಾಸು ಸಿಗುತ್ತದೆ. ಬಿಸಿಬಿಸಿಯಾಗಿ ಕರಿದ ಮೀನು, ಶಂಖ, ಕವಡೆ, ಚಿಪ್ಪಿನ ಸರಗಳನ್ನು ಮಾರುವ ಅಂಗಡಿಗಳು ಚರ್ಚಿನ ಸುತ್ತ ಸಾಲಾಗಿವೆ. ಚಳಿಗಾಲದಲ್ಲಿ ಆಳವಿಲ್ಲದ ನೀರಿಗೆ ರಾಜಹಂಸಗಳು ಗುಂಪುಗುಂಪಾಗಿ ಬಂದಿಳಿಯುತ್ತವೆ. 2025ರಲ್ಲಿ ತಮಿಳುನಾಡು ಸರಕಾರ ಈ ಪ್ರದೇಶವನ್ನು ಅವುಗಳ ರಕ್ಷಿತಧಾಮವೆಂದು ಘೋಷಿಸಿತು.

ಎಚ್ಚರದ ಬೆಲೆ

ಧನುಷ್ಕೋಟಿಯ ಪಾಠ ವ್ಯರ್ಥವಾಯಿತೆಂದು ಹೇಳಲಾಗದು. ಪಾಂಬನ್ ಸೇತುವೆಯ ಮೇಲೆ ಗಾಳಿಯ ವೇಗವನ್ನು ಅಳೆಯುವ ಯಂತ್ರವನ್ನಿಟ್ಟು, ವೇಗ ಮಿತಿಮೀರಿದೊಡನೆ ರೈಲಿಗೆ ತಾನಾಗಿಯೇ ಕೆಂಪು ದೀಪ ಬೀಳುವ ಏರ್ಪಾಟು ಮಾಡಲಾಯಿತು. ಬಿರುಗಾಳಿ ಹುಟ್ಟಿದ ಗಳಿಗೆಯಿಂದ ಅದರ ಹೆಜ್ಜೆಹೆಜ್ಜೆಯನ್ನೂ ಈಗ ಉಪಗ್ರಹಗಳು ಕಾಯುತ್ತವೆ. 2020ರ ಡಿಸೆಂಬರಿನಲ್ಲಿ ‘ಬುರೇವಿ’ ಎಂಬ ಚಂಡಮಾರುತ ಲಂಕೆಯನ್ನು ದಾಟಿ ಇದೇ ದಿಕ್ಕಿಗೆ ತಿರುಗಿದಾಗ, ಅದು ಬರುವ ಮೊದಲೇ ಸುದ್ದಿ ಬಂದಿತ್ತು. ದೋಣಿಗಳನ್ನು ದಡಕ್ಕೆಳೆದು ಕಟ್ಟಿದರು. ಧನುಷ್ಕೋಟಿಯ ಬೆಸ್ತರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು. ತೀರವನ್ನು ಮುಟ್ಟುವಷ್ಟರಲ್ಲಿ ಆ ಚಂಡಮಾರುತದ ಶಕ್ತಿಯೂ ಕುಗ್ಗಿತ್ತು. 1964ರ ಆ ರಾತ್ರಿ ಕೊರತೆಯಾಗಿದ್ದದ್ದು ಧೈರ್ಯವಲ್ಲ. ಸಕಾಲದಲ್ಲಿ ತಲಪಬೇಕಾಗಿದ್ದ ಒಂದು ಸುದ್ದಿ.

ಹಾಳುಗೋಡೆಗಳ ಆಯುಸ್ಸೂ ಇನ್ನು ದೀರ್ಘವಾದುದಲ್ಲ. ಉಪ್ಪುಗಾಳಿ ಹವಳದ ಕಲ್ಲನ್ನು ದಿನದಿನವೂ ತಿನ್ನುತ್ತಿದೆ. ಗೋಡೆಗಳ ಮೇಲೆ ಹೆಸರು ಕೆತ್ತುವವರ, ನೆನಪಿಗೆಂದು ಚೂರು ಮುರಿದೊಯ್ಯುವವರ ಕೈಯೂ ಅದರೊಡನೆ ಸೇರಿದೆ. ಹಂಪೆಯ ಕಲ್ಲಿಗೆ ಐನೂರು ವರ್ಷಗಳ ಹಿರಿಮೆಯಿದೆ. ಇಲ್ಲಿಯ ಕಲ್ಲಿಗೆ ಅಂಥದೇನೂ ಇಲ್ಲ. ಆದರೆ ಆ ಅಂಚೆಕಚೇರಿಯ ಕಿಟಕಿಯಲ್ಲಿ ಕಾರ್ಡು ಕೊಂಡವರು, ಆ ಶಾಲೆಯಲ್ಲಿ ಮಗ್ಗಿ ಹೇಳಿದವರು, ಆ ನಿಲ್ದಾಣದಲ್ಲಿ ರೈಲಿಗೆ ಕಾದವರು ಇಂದಿನ ಅಜ್ಜಂದಿರ ಓರಗೆಯವರು. ಹಳೆಯದಾಗಿ ಇತಿಹಾಸದ ಗೌರವ ಪಡೆಯುವ ಮುನ್ನವೇ ಈ ಗೋಡೆಗಳು ಅಳಿದುಹೋಗುವ ಭಯವಿದೆ.

ರಾಮೇಶ್ವರದ ಯಾತ್ರೆ ಕೈಕೊಳ್ಳುವ ಕುಟುಂಬಗಳು ಧನುಷ್ಕೋಟಿಗಾಗಿ ಅರ್ಧ ದಿನವನ್ನಾದರೂ ಮೀಸಲಿಡುವುದು ಒಳ್ಳೆಯದು. ಡಿಸೆಂಬರ್ ಕಳೆದ ಮೇಲೆ, ಬೇಸಗೆಯ ಝಳ ಏರುವುದಕ್ಕೆ ಮುಂಚೆ ಹೋಗುವುದು ಹಿತಕರ. ನೆರಳಿಲ್ಲದ ಜಾಗವಾದ್ದರಿಂದ ಬೆಳಗ್ಗೆ ಬೇಗನೆ ಹೊರಡಬೇಕು. ಕುಡಿಯುವ ನೀರು, ಕೊಡೆ, ಮಕ್ಕಳಿಗೆ ಟೊಪ್ಪಿಗೆ ಜೊತೆಯಲ್ಲಿರಬೇಕು. ಎರಡು ಕಡಲುಗಳು ಕೂಡುವ ಮೊನೆಯಲ್ಲಿ ನೀರಿನ ಸೆಳೆತ ಕಣ್ಣಿಗೆ ಕಾಣದಷ್ಟು ಬಲವಾಗಿರುವುದರಿಂದ ಈಜಾಟದ ಉತ್ಸಾಹವನ್ನು ಬಿಟ್ಟು ಪಾದ ತೋಯಿಸಿಕೊಂಡಷ್ಟಕ್ಕೆ ತೃಪ್ತಿಪಡುವುದು ಲೇಸು. ಚರ್ಚಿನ ಅಂಗಳದಲ್ಲಿ ಮಕ್ಕಳು ಚಿಪ್ಪುಗಳನ್ನು ಆರಿಸುತ್ತಿರುವಾಗ, ಮನೆಯ ಹಿರಿಯರು 653ನೆಯ ಗಾಡಿಯ ಕಥೆಯನ್ನು ಅವರಿಗೆ ಹೇಳಬೇಕು. ಆ ಪ್ರಯಾಣಿಕರಿಗೆ ಮಾಡಬಹುದಾದ ಶ್ರಾದ್ಧ ಅದೊಂದೇ.

ಸಂಜೆಯಾಗುತ್ತಲೇ ಪೊಲೀಸರು ಪ್ರವಾಸಿಗರನ್ನು ರಾಮೇಶ್ವರದ ಕಡೆಗೆ ಹೊರಡಿಸುತ್ತಾರೆ. ವಾಹನಗಳು ಒಂದೊಂದಾಗಿ ಹೊರಡುತ್ತವೆ, ಅಂಗಡಿಗಳು ಮುಚ್ಚುತ್ತವೆ. ಕತ್ತಲಾದ ಮೇಲೆ ಅಲ್ಲಿ ಉಳಿಯುವವರು ಬೆಸ್ತರು ಮಾತ್ರ. ಮರುದಿನದ ಬಲೆಗಳನ್ನು ಸರಿಪಡಿಸಿಟ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಒಮ್ಮೆ ನೋಡಿಕೊಂಡು, ಅವರು ಮಲಗಲು ಹೋಗುತ್ತಾರೆ.